ಹತ್ತು ನಿಮಿಷದ ಚಹಾ

ಮಿರಜಿನ ನಮ್ಮ ಆಸ್ಪತ್ರೆಯ ಸರ್ವರ್ ಕೆಟ್ಟಾಗ ಪಕ್ಕದ ಮ್ಹೈಸಾಳದಿಂದ ರಿಪೇರಿಗೆ ಒಬ್ಬ ಕಾಕಾ ಬರುತ್ತಿದ್ದರು. ಎಂಥ ಗಂಡಾಂತರವಿದ್ದರೂ ಅಂಗಿಯ ತುದಿಯಿಂದ ಕನ್ನಡಕ ಒರೆಸುತ್ತ, "ಗಡಬಡ ಬ್ಯಾಡ, ಮೊದಲ ಚಹಾ ಆಗ್ಲಿ" ಎನ್ನುತ್ತಿದ್ದರು.

ಸಿಬ್ಬಂದಿಯ ಹೆಸರು, ಪಾಸ್‌ವರ್ಡ್‌ಗಳೆಲ್ಲ ಮಿರಜಿನ ಸರ್ವರಿನಲ್ಲಿದ್ದವು. ಅಂದು ಅವುಗಳ ನಕಲು ಸಾಂಗಲಿ ಶಾಖೆಯ ಹೊಸ, ಖಾಲಿ ಸರ್ವರಿಗೆ ಹೋಗಬೇಕಿತ್ತು. ಎರಡೂ ಸರ್ವರುಗಳು ಒಂದನ್ನೊಂದು ನಂಬಲೆಂದು, ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನಾನು ಮಿರಜಿನ ಸರ್ವರಿನಲ್ಲಿ ಆಗಷ್ಟೇ ಮಾಡಿದ ಡಿಜಿಟಲ್ ಸರ್ಟಿಫಿಕೇಟನ್ನು ಸಾಂಗಲಿ ಒಪ್ಪುತ್ತಲೇ ಇರಲಿಲ್ಲ. ತಾಳ್ಮೆಗೆಟ್ಟು, ನಕಲಿನ ದಿಕ್ಕನ್ನೇ ತಿರುಗಿಸಿ, ಸಾಂಗಲಿ ಕಡೆಯಿಂದ ಮಿರಜಿಗೆ ಎಲ್ಲವನ್ನೂ ಹೊಸದಾಗಿ ತುಂಬಿಸಲು ಹೊರಟೆ. ಕಾಕಾ ನನ್ನ ಮಣಿಕಟ್ಟು ಹಿಡಿದರು.

"ಡಿಗ್ರಿ ಸಾಹೇಬ್ರ, ಖಾಲಿ ಕೊಡದಿಂದ ತುಂಬಿದ ಕೊಡಕ್ಕ ಏನ್ ಸುರೂತೀರಿ? ಇಲ್ಲಿದ್ದ ಹೆಸರೆಲ್ಲಾ ಅಳಸಿ ಹೋಗ್ತಾವ!"

ಆಮೇಲೆ ತಮ್ಮ ಕೈಗಡಿಯಾರವನ್ನೂ ಪರದೆಯ ಮೇಲಿನ ಸಮಯವನ್ನೂ ನೋಡಿ ನಕ್ಕರು. ಎಲ್ಲರೂ ವೇಳೆಗೆ ಬರಲೆಂದು ಆಸ್ಪತ್ರೆಯ ಗಡಿಯಾರಗಳನ್ನು ಹತ್ತು ನಿಮಿಷ ಮುಂದಿಡುವುದು ನಮ್ಮ ರೂಢಿ. ಮಿರಜಿನ ಸರ್ವರಿನದನ್ನೂ ನಾನೇ ಮುಂದಿಟ್ಟಿದ್ದೆ; ಸಾಂಗಲಿಯದು ಸರಿಯಾಗಿಯೇ ಇತ್ತು.

"ನಿಮ್ಮ ಸರ್ಟಿಫಿಕೇಟ್ ಸಾಂಗಲಿ ಲೆಕ್ಕದಾಗ ಇನ್ನೂ ಹುಟ್ಟೇ ಇಲ್ಲರಿ. ಬರ್ರಿ, ಅದು ಹುಟ್ಟೂತನಕ ಚಹಾ ಆಗ್ಲಿ."

ಕಪ್ಪಿನಿಂದ ಬಸಿಗೆ ಸುರಿದುಕೊಂಡು ನಿಧಾನವಾಗಿ ಕುಡಿದು ಬಂದಾಗ ಹೆಸರುಗಳು ಒಂದೊಂದಾಗಿ ಸಾಂಗಲಿಗೆ ಹೋಗತೊಡಗಿದ್ದವು. "ಈಗ ಗಡಿಯಾರ ಸರಿ ಮಾಡ್ರಿ" ಎಂದರು.

ಇಂದಿಗೂ ಏನನ್ನಾದರೂ ಅಳಿಸುವ ಮುನ್ನ ಮಣಿಕಟ್ಟಿನಲ್ಲಿ ಆ ಹಿಡಿತ ತಿಳಿಯುತ್ತದೆ. ಎದ್ದು ಚಹಾಕ್ಕೆ ಹೋಗುತ್ತೇನೆ.