ನಾನು ಆರಿಸಿ ತಂದ ಕಲ್ಲು

ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಒಂದು ಪಾಲಿಶ್ ಕಾರ್ಖಾನೆಯಲ್ಲಿ ನಾನೂ ನನ್ನ ಗೆಳೆಯನೂ ಮೂವತ್ತು ವರ್ಷ ದುಡಿದೆವು. ದುಡಿದೆವು ಎಂಬುದು ನನ್ನ ಮಟ್ಟಿಗೆ ತುಸು ಉದಾರವಾದ ಮಾತು. ಅವನು ಒಂದೊಂದು ಕಲ್ಲನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ, ನಾದ ಕೇಳಿ, ಒಳಗೆ ಕಣ್ಣಿಗೆ ಕಾಣದ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದ. ನಾನು ಗಿರಾಕಿಗೆ ಚಹಾ ತರಿಸಿಕೊಟ್ಟು, ಅವನು ಹೇಳಿದ್ದನ್ನೇ ನನ್ನ ತೀರ್ಪೆಂಬಂತೆ ಸಾರುತ್ತಿದ್ದೆ. ತುಂಬಿದ ಕೊಡ ತುಳುಕುವುದಿಲ್ಲವಂತೆ. ತುಳುಕುವ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡಿದ್ದೆ.

ಅವನು ನಾರಾಯಣಖೇಡದ ಕಡೆಯವನು, ಮದುವೆಯಾಗಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಯಾರನ್ನೂ ಕೇಳದೆ ಜಹೀರಾಬಾದಿನ ಒಂದು ವೃದ್ಧಾಶ್ರಮಕ್ಕೆ ಹೋಗಿ ಸೇರಿಕೊಂಡ. ತಿಂಗಳಿಗೆರಡು ಸಲ ನಾನು ಬಸ್ಸು ಹತ್ತುತ್ತಿದ್ದೆ. ಅವನಿಗೆ ಧೈರ್ಯ ಹೇಳಿ ಬರುತ್ತೇನೆಂದು ಮನೆಯಲ್ಲಿ ಹೇಳುವುದು; ಅಲ್ಲಿ ಹೋಗಿ ನನ್ನ ಸಕ್ಕರೆ ಕಾಯಿಲೆಯ ಕಥೆ ಹೇಳಿ, ಅವನ ಪಾಲಿನ ರೊಟ್ಟಿಯಲ್ಲಿ ಅರ್ಧ ತಿಂದು ಬರುವುದು. ಅವನು ನನ್ನೊಂದಿಗೆ ಮಾತ್ರ ಬಹಳ ಗಟ್ಟಿಯಾಗಿ ಮಾತಾಡುತ್ತಿದ್ದ. ಪಾಪ, ಇವನ ಕಿವಿ ಮಂದವಾಯಿತಲ್ಲ ಎಂದು ನಾನು ಮರುಗುತ್ತಿದ್ದೆ.

ಅವನು ನನ್ನಿಂದ ಕೇಳಿದ್ದು ಒಂದೇ ಒಂದು. ಅಲ್ಲಿನ ಪ್ಲಾಸ್ಟಿಕ್ ಕುರ್ಚಿಗಳು ಬಾಗುತ್ತಿದ್ದವು, ಕೂತರೆ ಏಳಲಾಗುತ್ತಿರಲಿಲ್ಲ. ಹಾಗಾಗಿ ದಿನವೆಲ್ಲ ಮಂಚದ ಮೇಲೇ ಇರಬೇಕಾಗಿತ್ತು. ಅಂಗಳದ ಬೇವಿನ ಮರದ ಕೆಳಗೆ ಒಂದು ಕಲ್ಲಿನ ಬೆಂಚಿದ್ದರೆ ಹೊರಗೆ ಬಂದು ಕೂಡಬಹುದು.

“ತಾಂಡೂರಿಂದ ಒಂದು ಕಲ್ಲು ಕಳಸು. ಯಾರಿಗಾದ್ರೂ ತಟ್ಟಿ ನೋಡಾಕ ಹೇಳು,” ಎಂದ.

ಆ ‘ಯಾರಿಗಾದ್ರೂ’ ನನಗೆ ಚುಚ್ಚಿತು. ಮೂವತ್ತು ವರ್ಷ ನಾನೇನು ಕತ್ತೆ ಕಾಯುತ್ತಿದ್ದೆನೇ? ಕಾರ್ಖಾನೆಗೆ ಹೋಗಿ, ಯಾರನ್ನೂ ಹತ್ತಿರ ಬಿಡದೆ, ನಾನೇ ಹತ್ತಾರು ಕಲ್ಲು ತಟ್ಟಿದೆ. ಎಲ್ಲವೂ ಒಂದೇ ಥರ ಕೇಳಿದವು. ನಿಜ ಹೇಳಬೇಕೆಂದರೆ ಯಾವುದೂ ಕೇಳಲಿಲ್ಲ. ಯಂತ್ರಗಳ ಗದ್ದಲ ಇರಬೇಕು ಎಂದುಕೊಂಡೆ. ಅವತ್ತು ಕರೆಂಟು ಹೋಗಿ ಯಂತ್ರಗಳೆಲ್ಲ ನಿಂತಿದ್ದವು. ಕೊನೆಗೆ ನೋಡಲು ಚೆಂದವಿದ್ದ ನೀಲಿ ಕಲ್ಲೊಂದನ್ನು ಆರಿಸಿ, ಟೆಂಪೋದ ಮುಂದಿನ ಸೀಟಿನಲ್ಲಿ ಮದುಮಗನ ಹಾಗೆ ಕೂತು ಜಹೀರಾಬಾದಿಗೆ ಹೋದೆ.

ಗೆಳೆಯ ಕಲ್ಲಿನ ಎರಡೂ ತುದಿ ತಟ್ಟಿದ. ಬಲತುದಿಯನ್ನು ಮತ್ತೊಮ್ಮೆ ತಟ್ಟಿ, ನನ್ನ ಮುಖ ನೋಡಿದ.

“ಛಲೋ ಅದ,” ಎಂದ.

ಗೌಂಡಿ ಆಗಲೇ ಎರಡು ತುದಿಗೆ ಎರಡು ಇಟ್ಟಿಗೆಯ ಕಟ್ಟೆ ಕಟ್ಟಿದ್ದ. ನಡುವೆ ಮೂರನೆಯದೊಂದು ಕಟ್ಟು ಎಂದು ಗೆಳೆಯ ಹೇಳಿದ. ನನಗೆ ಸಿಟ್ಟು ಬಂತು. ಆನೆ ಕೂತರೂ ನನ್ನ ಕಲ್ಲು ಜಗ್ಗದು ಎಂದು ವಾದಿಸಿದೆ. ಅವನು ನಕ್ಕು, ಮೂರನೆಯದನ್ನೂ ಕಟ್ಟಿಸಿದ.

ಒಂದೂವರೆ ವರ್ಷ ಅವನು ದಿನಾ ಬೆಳಗ್ಗೆ ಆ ಬೆಂಚಿನ ಎಡತುದಿಯಲ್ಲಿ ಕೂತ. ಬಲತುದಿಯಲ್ಲಿ ಟವಲು ಹಾಸಿಡುತ್ತಿದ್ದ, ಬಸ್ಸಿನಲ್ಲಿ ಸೀಟು ಹಿಡಿದಂತೆ. ನಾನು ಟವಲು ಸರಿಸಲು ಹೋದರೆ ತೋಳು ಹಿಡಿದು, “ಇಲ್ಲೇ ಕೂಡು ಯಾರ್, ಬಾಜೂಕ,” ಎಂದು ಎಳೆದುಕೊಳ್ಳುತ್ತಿದ್ದ. ಬಿರುಬೇಸಿಗೆಯಲ್ಲೂ ತೊಡೆಗೆ ತೊಡೆ ಒತ್ತಿಕೊಂಡು ಬೆವರುತ್ತ ಕೂತೆವು. ನಾನಿಲ್ಲದೆ ಅವನಿಗೆ ಜೀವವೇ ನಿಲ್ಲದು ಎಂದು ಹೆಂಡತಿಯ ಮುಂದೆ ಉಬ್ಬಿದೆ. ಆಶ್ರಮಕ್ಕೆ ಬಂದವರಿಗೆಲ್ಲ, ಈ ಕಲ್ಲು ನಾನೇ ತಟ್ಟಿ ಆರಿಸಿದ್ದು ಎಂದು ಬಡಾಯಿ ಕೊಚ್ಚಿದೆ. ಪಕ್ಕದಲ್ಲಿ ಕೂತು ಅವನು ಹೌದೌದೆಂದು ತಲೆಯಾಡಿಸುತ್ತಿದ್ದ.

ಈ ಚಳಿಗಾಲದಲ್ಲಿ ಅವನು ನಿದ್ದೆಯಲ್ಲೇ ಹೋದ. ಉತ್ತರಕ್ರಿಯೆ ಮುಗಿದ ಮೇಲೆ ಅವನ ಬಟ್ಟೆ ತರಲು ಆಶ್ರಮಕ್ಕೆ ಹೋದೆ. ಟವಲನ್ನೂ ಗಂಟಿನಲ್ಲಿ ಕಟ್ಟಿಟ್ಟಿದ್ದರು. ಬೆಂಚು ಪೂರ್ತಿ ಖಾಲಿ. ಅವನ ಜಾಗದಲ್ಲಿ ಕೂಡಲು ಮನಸ್ಸಾಗದೆ, ಮೊದಲ ಸಲ ಬಲತುದಿಯಲ್ಲಿ ಕೂತೆ. ಕಲ್ಲು ಲಟಕ್ಕನೆ ಮುರಿಯಿತು; ಆನೆಯಲ್ಲ, ನಾನು ನೆಲಕ್ಕೆ ಬಿದ್ದೆ.

ಅಡುಗೆಯಾಕೆ ಓಡಿಬಂದು ಎಬ್ಬಿಸಿದಳು.

“ಅಲ್ಲಿ ಯಾಕ ಕುಂತ್ರಿ ಕಾಕಾ? ಆ ಬಾಜೂ ಕಚ್ಚಾ ಅದ, ಯಾರಿಗೂ ಕೂಡಾಕ ಬಿಡಬ್ಯಾಡ್ರಿ ಅಂತ ಅವರು ಮೊದಲನೇ ದಿನಾನೇ ಹೇಳ್ಯಾರ,” ಎಂದು, ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದಳು. “ನಿಮಗ ಮಾತ್ರ ಹೇಳಬ್ಯಾಡ ಅಂದಿದ್ರು. ತನ್ನ ಕಿವಿ ಹೋಗ್ಯಾವಂತ ಗೊತ್ತಾದ್ರ ಬ್ಯಾಸರ ಮಾಡ್ಕೋತಾನ ಅಂತ.”

ಎರಡು ಕಟ್ಟೆಗಳ ಮೇಲೆ ಎಡಭಾಗ ಅಲುಗದೆ ನಿಂತಿತ್ತು. ಅದನ್ನು ಗೆಣ್ಣಿನಿಂದ ತಟ್ಟಿ, ಏನು ಕೇಳುತ್ತದೆ ಎಂದು ಆಕೆಯನ್ನೇ ಕೇಳಿದೆ. ಯಾರನ್ನಾದರೂ ಕೇಳಿದ್ದು ಅದೇ ಮೊದಲು.

“ಘಂಟಿ ಹಂಗ ಬರತದರಿ,” ಎಂದಳು.

ನಾನು ಯಾವಾಗಲೂ ಕೂಡುತ್ತಿದ್ದ ಜಾಗದಲ್ಲೇ ಕೂತು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಅತ್ತು ಮುಗಿದ ಮೇಲೆ ನೋಡಿದರೆ, ಉಳಿದ ಕಲ್ಲು ಇಬ್ಬರು ಒತ್ತಿ ಕೂತರೆ ಸಾಲುವಷ್ಟೇ ಇತ್ತು.