ಸೂ ವೀಡ್ ಕಡ್ಡಿಯ ಜ್ವರ

ಇಂಡಿ ಊರಿನ ನಮ್ಮ ಮನೆಗೆ ನಾನು ತರಿಸಿದ ಸೂ ವೀಡ್ ಕಡ್ಡಿ, ಪಾತ್ರೆಯ ನೀರನ್ನು ಒಂದೇ ಬಿಸಿಯಲ್ಲಿ ಹಿಡಿದಿಟ್ಟು, ಚೀಲದಲ್ಲಿ ಕಟ್ಟಿ ಮುಳುಗಿಸಿದ ತರಕಾರಿಯನ್ನು ನಿಧಾನವಾಗಿ ಬೇಯಿಸಬೇಕಿತ್ತು. ಅದು ಮಾತ್ರ ಗಜ್ಜರಿ, ಅಂದರೆ ಕ್ಯಾರೆಟ್, ಬೇಯುವ ಮೊದಲೇ ತಾನು ಅತಿಯಾಗಿ ಕಾದು, ಕೆಂಪು ದೀಪ ತೋರಿಸಿ ನಿಂತುಬಿಡುತ್ತಿತ್ತು.

"ಇವತ್ತೂ ನಿಂತರ ವಾಪಸ್ ಕಳಸಿಬಿಡು. ಗಜ್ಜರಿ ಕುದಸಾಕ ಕುಕ್ಕರ್ ಐತಿ," ಎಂದಳು ಅವ್ವ.

ನನಗೆ ಕಳಿಸುವ ಮನಸ್ಸಿರಲಿಲ್ಲ. ನಮ್ಮೂರಿನ ಸವಳು ನೀರಿನ ಉಪ್ಪು ಕಟ್ಟಿರಬಹುದೆಂದು ಕಡ್ಡಿಯನ್ನು ಲಿಂಬೆರಸದಲ್ಲಿ ತೊಳೆದೆ. ನೀರಿನ ಮಟ್ಟ ನೋಡಿದೆ, ಪ್ಲಗ್ ಬದಲಿಸಿದೆ. ಗಜ್ಜರಿ ಮುಳುಗಿಸಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಆಯಿ, ಅಂದರೆ ಅಪ್ಪನ ತಾಯಿ, ಪಾತ್ರೆ ಮತ್ತು ಕಡ್ಡಿ ಎರಡನ್ನೂ ಸೇರಿಸಿ ಕೌದಿ ಹೊದಿಸುತ್ತಿದ್ದಳು.

"ಆಯಿ! ಏನ್ ಮಾಡಾಕತ್ತಿ?"

"ದಿನಾ ನೀ ಜಳಕಕ್ಕ ಹೋದಾಗ ಮಾಡೋದನ್ನ ಮಾಡಾಕತ್ತೇನಿ. ದೀಪ ಕೆಂಪಾದ್ರ ತಗೀತೇನಿ. ಥಂಡ್ಯಾಗ ಮೊಸರಿನ ಗಡಿಗಿಗೆ ಹೊಚ್ಚೂದಿಲ್ಲೇನು? ಬಿಸಿ ಹೋಗಬಾರದಂತ ನೀನ ಹೇಳಿದಿ."

ಹೇಳಿದ್ದು ನಿಜ. ಕೌದಿಯೊಳಗೆ ಹಬೆ ತುಂಬಿ, ನೀರಿನ ಮೇಲಿರುವ ಕಡ್ಡಿಯ ತಲೆ ಕಾಯುತ್ತದೆ ಎಂದು ವಿವರಿಸಿದೆ.

"ತಲಿಗಿ ಗಾಳಿ ಬೇಕಂತ ಮೊದಲ ಬಾಯಿಬಿಟ್ಟು ಹೇಳಬಾರದೇನ, ಹುಚ್ಚಿ?" ಎಂದು ಆಯಿ ಕೌದಿಯನ್ನು ಪಾತ್ರೆಯ ಸುತ್ತಲಷ್ಟೇ ಬಿಗಿದು, ಕಡ್ಡಿಯ ತಲೆಯನ್ನು ಹೊರಗೆ ಬಿಟ್ಟಳು. ಗಜ್ಜರಿ ಬೇಯುವವರೆಗೂ ಕೆಂಪು ದೀಪ ಹತ್ತಲಿಲ್ಲ.

ಅವ್ವ ಒಂದು ತುಂಡು ತಿಂದು, ಇನ್ನೊಂದು ತೆಗೆದುಕೊಂಡಳು.

"ಇರ್ಲಿ ಬಿಡು," ಎಂದು ಪಾತ್ರೆಯತ್ತ ನೋಡಿದಳು. "ಆದ್ರ ಮಂದಿ ಬಂದು ಕೇಳಿದ್ರ ಏನ್ ಹೇಳಲಿ? ಮಷಿನ್ನಿನ ಬಾಣಂತನ ನಡದೈತಿ ಅನ್ನಲೇನು?"