ಆಷಾಢದಲ್ಲಿ ಕಂಡ ಕಡಲು

ನಾನು ಹೇಳುತ್ತಿದ್ದೇನೆ, ಮಗಳು ಬರೆದುಕೊಳ್ಳುತ್ತಿದ್ದಾಳೆ. ನಡುನಡುವೆ ತಿದ್ದಲು ನೋಡುತ್ತಾಳೆ, ನಾನು ಬಿಡುವುದಿಲ್ಲ. ಕಣ್ಣು ಹೋದವಳ ಬಾಯಿಯನ್ನೂ ಕಟ್ಟಿಬಿಟ್ಟರೆ ಇನ್ನೇನು ಉಳಿಯಿತು?

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಆಗ ಮಗ್ಗವಿಲ್ಲದ ಮನೆ ಇರಲಿಲ್ಲ. ನನ್ನವರು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದರು. ನನ್ನ ಕೆಲಸ ಕೆಚ್ಚುವುದು. ಮಗ್ಗದ ಮೇಲಿನ ಹಾಸು, ಎಂದರೆ ಉದ್ದನೆಯ ಎಳೆ, ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಸಾವಿರಾರು ಎಳೆ. ಒಂದು ಹಿಂದುಮುಂದಾದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ನಮ್ಮ ಬೀದಿಯಲ್ಲಿ ನನ್ನಷ್ಟು ಚುರುಕಾಗಿ ಕೆಚ್ಚುವವರು ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಹೇಳಬೇಕಾಗಿದ್ದವರೆಲ್ಲ ಹೋದರು.

ಮೊದಲು ಹೋದದ್ದು ಸಂಜೆಯ ನೋಟ. ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲು ಎಡವುತ್ತಿದ್ದೆ. ಆಮೇಲೆ ಅಕ್ಕಪಕ್ಕದ್ದು ಹೋಯಿತು. ಅತ್ತೆ ಮಗ್ಗುಲಲ್ಲೇ ಬಂದು ನಿಂತರೂ ನನಗೆ ಗೊತ್ತಾಗುತ್ತಿರಲಿಲ್ಲ. ಸೊಸೆಗೆ ಸೊಕ್ಕು ಬಂದಿದೆ ಎಂದು ಅವರು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಕಡೆಗೆ ನೆಟ್ಟಗೆ ಎದುರಿಗಿದ್ದದ್ದು ಮಾತ್ರ ಉಳಿಯಿತು, ಚೆಂಬಿನ ಬಾಯಲ್ಲಿ ನೋಡಿದಷ್ಟು. ಕೆಚ್ಚುವುದಕ್ಕೆ ಅಷ್ಟು ಸಾಕಾಗಿತ್ತು. ಎಳೆ ಇರುವುದು ಎದುರಿಗೇ ಅಲ್ಲವೇ?

ಮೈಸೂರಿನ ಕಣ್ಣಿನ ಡಾಕ್ಟರು ಒಳ್ಳೆಯ ಮನುಷ್ಯ. ಕತ್ತಲೆ ಕೋಣೆಯಲ್ಲಿ ಕೂರಿಸಿ ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆ ಒಣಗುತ್ತಿದೆ, ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಎಂದರು. ನೋಟ ಹೀಗೇ ಕಿರಿದಾಗುತ್ತಾ ಬರುತ್ತದೆ, ಕಡೆಗೆ ಬಣ್ಣಗಳು ಮಾಸುತ್ತವೆ, ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಬಣ್ಣ ಹೋಗಲು ಶುರುವಾದರೆ ಮಿಕ್ಕದ್ದೂ ಬೇಗ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದರು. ನನ್ನವರು ಕೈಮುಗಿದುಕೊಂಡು ನಿಂತೇ ಇದ್ದರು. ಬೇರೆ ಏನು ಮಾಡಲು ಬರುತ್ತಿತ್ತು ಅವರಿಗೆ? ಅಂದಿನಿಂದ ಬೆಳಗಾದರೆ ನಾನು ಮೊದಲು ನೋಡುತ್ತಿದ್ದದ್ದು ಗೋಡೆಯ ಗೂಡಿನಲ್ಲಿದ್ದ ಕುಂಕುಮದ ಬಟ್ಟಲನ್ನು. ಕೆಂಪು ಕೆಂಪಾಗಿಯೇ ಇದ್ದರೆ ಆ ದಿನ ನನ್ನದು.

ಒಂದು ದಿನ ಮಗ್ಗದ ಗುಂಡಿಯೊಳಗೆ ಕೂತೇ, ನನ್ನ ಮುಖ ನೋಡದೆ, ಅವರು ಕೇಳಿದರು, ಏನಾದರೂ ನೋಡಬೇಕು ಅಂತ ಆಸೆ ಇದೆಯಾ ಎಂದು. ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮನುಷ್ಯ ನನ್ನ ಆಸೆ ಕೇಳಿದ್ದು ಅದೇ ಮೊದಲು. ಸೇಡು ತೀರಿಸಿಕೊಳ್ಳುವವಳ ಹಾಗೆ ನಾನು ಸುಲಭದ್ದನ್ನು ಬಿಟ್ಟು ಕಡಲು ಎಂದೆ.

ಸುಮ್ಮನೆ ಹೇಳಿದ್ದಲ್ಲ ಅದು. ನಮ್ಮಲ್ಲಿ ರೇಷ್ಮೆಗೆ ಬಣ್ಣ ಹಾಕುವವರು ಒಂದು ಬಣ್ಣಕ್ಕೆ ಕಡಲ ಬಣ್ಣ ಎನ್ನುತ್ತಿದ್ದರು. ನೀಲಿ ಎಂದರೆ ಹಸಿರು ಮುನಿಸಿಕೊಳ್ಳುತ್ತದೆ, ಹಸಿರು ಎಂದರೆ ನೀಲಿ. ಆ ಬಣ್ಣದ ಹಾಸನ್ನು ಎಷ್ಟು ಸಲ ಕೆಚ್ಚಿದ್ದೆನೋ. ಅದನ್ನು ಹಾಕುತ್ತಿದ್ದ ಮುದುಕರನ್ನು ಒಮ್ಮೆ ಕೇಳಿದ್ದೆ, ನೀವು ಕಡಲು ನೋಡಿದ್ದೀರಾ ಎಂದು. ಅಪ್ಪ ಹಾಗೆ ಕರೆಯುತ್ತಿದ್ದ, ನಾನೂ ಕರೆಯುತ್ತೇನೆ, ಈ ಬಣ್ಣದ ಹಂಡೆ ಬಿಟ್ಟು ನಾನೆಲ್ಲಿಗೆ ಹೋಗಲಿ ಎಂದು ಅವರು ನಕ್ಕರು. ಊರ ತುಂಬ ಕಡಲ ಬಣ್ಣದ ಸೀರೆ, ಕಡಲು ಕಂಡವರು ಬೀದಿಯಲ್ಲಿ ಒಬ್ಬರೂ ಇಲ್ಲ. ಆ ಹೆಸರು ನಿಜವೋ ಸುಳ್ಳೋ ನನ್ನ ಕಣ್ಣಿಂದಲೇ ನೋಡಿ ತಿಳಿಯಬೇಕು ಅನ್ನಿಸಿತ್ತು.

ಅತ್ತೆಗೆ ಇದು ಒಂದು ಚೂರೂ ಹಿಡಿಸಲಿಲ್ಲ. ಅವರು ನನ್ನ ಕಣ್ಣಿಗೆಂದು ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತಿದ್ದರು. “ಮಾದಪ್ಪನ್ ಮುಂದೆ ನಿಲ್ಲಾದ್ ಬುಟ್ಟು ಉಪ್ಪುನೀರ್ ನೋಡ್ಬೇಕಂತೆ ಇವಳ್ಗೆ” ಎಂದು ಮಗನ ಮುಂದೆ ಹಾಡಿಕೊಂಡರು. ಮಾದಪ್ಪನನ್ನು ನಾನು ನೋಡಿದ್ದೇನೆ, ಅವನೂ ನನ್ನನ್ನು ಬೇಕಾದಷ್ಟು ಸಲ ನೋಡಿದ್ದಾನೆ ಎಂದೆ. ನನ್ನವರು ಬಾಯಿಗೆ ಟವಲ್ಲು ಅಡ್ಡ ಹಿಡಿದು ನಕ್ಕರು.

ಹೋಗುವುದು ಆಷಾಢದಲ್ಲಿ ಎಂದು ಗೊತ್ತಾಯಿತು. ಅದರಲ್ಲಿ ಯೋಚನೆ ಮಾಡುವುದು ಏನೂ ಇರಲಿಲ್ಲ. ನೇಯುವವರಿಗೆ ಬಿಡುವು ಬರುವುದೇ ಆಗ. ಆ ತಿಂಗಳು ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಸೀರೆ ಕೇಳುವವರಿಲ್ಲ. ಮಿಕ್ಕ ತಿಂಗಳಲ್ಲಿ ಊರು ಬಿಡುವ ಮಾತು ನಮ್ಮ ಮನಸ್ಸಿಗೇ ಬರುತ್ತಿರಲಿಲ್ಲ. ಕೊಳ್ಳೇಗಾಲದಲ್ಲಿ ಆಷಾಢ ಅಂದರೆ ಗಾಳಿ, ಧೂಳು, ಆಗೊಂದು ಈಗೊಂದು ಹನಿ. ಎಲ್ಲ ಕಡೆಯೂ ಹಾಗೇ ಅಂದುಕೊಂಡೆವು. ಹೊಸ ಮದುವಣಗಿತ್ತಿಯರೇ ಗಂಡನನ್ನು ಬಿಟ್ಟು ತೌರಿಗೆ ಹೋಗುವ ತಿಂಗಳಲ್ಲಿ ಇವರಿಬ್ಬರು ಜೋಡಿಯಾಗಿ ಹೊರಟರಲ್ಲ ಎಂದು ಬೀದಿಯ ಹೆಂಗಸರು ಕೀಟಲೆ ಮಾಡಿದರು. ನಾನೂ ಬಿಡದೆ ಹೂವು ಮುಡಿದುಕೊಂಡೇ ಬಸ್ಸು ಹತ್ತಿದೆ. ಕಡಲ ಬಣ್ಣದ ನೂಲಿನ ಒಂದು ಸಣ್ಣ ಕುಚ್ಚನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದೆ, ಎದುರಿಗೆ ಹಿಡಿದು ತಾಳೆ ನೋಡುವುದಕ್ಕೆ.

ಬಸ್ಸು ಹನೂರು, ರಾಮಾಪುರ ದಾಟಿ ಕಾಡಿಗೆ ಇಳಿಯಿತು. ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಅಗೋ ಅಲ್ಲಿ ನೋಡು, ಇಗೋ ಇಲ್ಲಿ ನೋಡು ಎಂದು ಅವರು ದಾರಿಯುದ್ದಕ್ಕೂ ಬೆರಳು ಮಾಡುತ್ತಾ ಬಂದರು. ಬೆರಳು ಕಾಣುವ ಹೊತ್ತಿಗೆ ಜಿಂಕೆ ಹೋಗಿರುತ್ತಿತ್ತು. ಕಂಡಿತು, ಕಂಡಿತು ಎನ್ನುತ್ತಿದ್ದೆ. ಅಂದಿಯೂರಿನಲ್ಲಿ ಬಸ್ಸು ಬದಲಾಯಿಸಿ, ಈರೋಡಿನಲ್ಲಿ ರೈಲು ಹಿಡಿದು, ಮತ್ತೆ ಬಸ್ಸು ಹತ್ತಿ, ಅಂತೂ ಕನ್ಯಾಕುಮಾರಿಯಲ್ಲಿ ಇಳಿದಾಗ ಮಳೆ ಹುಯ್ಯುತ್ತಿತ್ತು. ಛತ್ರದ ಜಗಲಿಯಲ್ಲಿ ಮೂಟೆ ಇಟ್ಟುಕೊಂಡು ಕೂತೆವು. ಎಲ್ಲಿಂದಲೋ ಒಂದು ಸದ್ದು ಬರುತ್ತಲೇ ಇತ್ತು, ಬೀದಿಯ ಮಗ್ಗವೆಲ್ಲ ಒಟ್ಟಿಗೆ ಹೊಡೆದ ಹಾಗೆ. ಅದೇ ಕಡಲು ಎಂದರು ಅವರು.

ಮಾರನೆಯ ಬೆಳಿಗ್ಗೆ ಮಳೆ ಸ್ವಲ್ಪ ನಿಂತಿತು. ಅಂದು ಸಂಜೆಗೇ ನಾವು ವಾಪಸು ಹೊರಡಬೇಕಿತ್ತು. ಅವರು ನನ್ನ ರಟ್ಟೆ ಹಿಡಿದು ಬಂಡೆಗಳ ಮೇಲೆ ಕರೆದುಕೊಂಡು ಹೋದರು. ದನ ಮಲಗಿದ ಹಾಗೆ ದೊಡ್ಡ ದೊಡ್ಡ ಬಂಡೆ, ಕಾಲಿಟ್ಟ ಕಡೆಯೆಲ್ಲ ಪಾಚಿ. ಶಿವನಸಮುದ್ರದಲ್ಲಿ ಬಂಡೆ ತುಳಿದು ಬೆಳೆದವಳು ನಾನು, ಬಿಡಿ ಎಂದರೂ ಬಿಡಲಿಲ್ಲ. ನೀರು ಬಂದು ಬಂಡೆಗೆ ಅಪ್ಪಳಿಸಿ ನಮ್ಮ ಮುಖಕ್ಕೆ ಹಾರುತ್ತಿತ್ತು. ನಾಲಿಗೆಗೆ ಉಪ್ಪು. ಒಂದು ಎತ್ತರದ ಬಂಡೆಯ ಮೇಲೆ ನಿಲ್ಲಿಸಿ, ನನ್ನ ಗಲ್ಲ ಹಿಡಿದು ಮುಖವನ್ನು ನೇರ ಮಾಡಿದರು.

ನಾನು ನೋಡಿದೆ. ನನ್ನ ಚೆಂಬಿನ ಬಾಯಷ್ಟು ನೋಟವನ್ನು ಆ ಕಡೆಯಿಂದ ಈ ಕಡೆಗೆ ಮೆಲ್ಲಗೆ ಸರಿಸಿದೆ. ಎಲ್ಲಿ ಸರಿಸಿದರೂ ಬೂದಿ. ಒಲೆಯಿಂದ ಬಾಚಿದ ಬೂದಿಯನ್ನು ನೀರಿಗೆ ಕಲಸಿ ಆಕಾಶದ ತನಕ ಬಳಿದಿದ್ದರು. ನೀಲಿ ಎಲ್ಲಿದೆ, ಹಸಿರು ಎಲ್ಲಿದೆ? ಸೆರಗಿನ ಗಂಟು ಬಿಚ್ಚಿ ಕುಚ್ಚನ್ನು ಎದುರಿಗೆ ಹಿಡಿದೆ. ಕುಚ್ಚಿನಲ್ಲಿ ಬಣ್ಣ ಇತ್ತು. ಅದರ ಹಿಂದಿನ ಕಡಲಿನಲ್ಲಿ ಇರಲಿಲ್ಲ.

ಮೋಡ ಕವಿದಿರುವುದು ನನಗೂ ಗೊತ್ತಿತ್ತು. ಆದರೆ ಕಡಲಿಗೆ ಬಣ್ಣ ಮೇಲಿನ ಆಕಾಶದಿಂದ ಬರುತ್ತದೆ ಎಂದು ನನಗೆ ಯಾರು ಹೇಳಿದ್ದರು? ನಾನು ಕಂಡ ಬಣ್ಣವೆಲ್ಲ ಹಂಡೆಯ ಬಣ್ಣ. ಬಿಸಿಲಿರಲಿ ಮೋಡವಿರಲಿ, ಹಂಡೆಯಲ್ಲಿ ಕದಡಿದ ಬಣ್ಣ ಹಂಡೆಯಲ್ಲೇ ಇರುತ್ತದೆ. ಕಡಲೂ ಅಂಥದ್ದೊಂದು ದೊಡ್ಡ ಹಂಡೆ ಅಂತಲೇ ನನ್ನ ಲೆಕ್ಕ.

ಆಗ ಅವರು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು, “ನೋಡ್ ಕಣೇ, ಅದೇ ಬಣ್ಣ. ನಿನ್ ಕೈಲಿರೋ ನೂಲ್ಗೂ ಅದ್ಕೂ ಒಂದೆಳೆನೂ ವ್ಯತ್ಯಾಸ ಇಲ್ಲ.”

ಅವರಿಗೆ ಕಾಣುತ್ತಿದೆ, ನನಗಿಲ್ಲ. ಡಾಕ್ಟರು ಹೇಳಿದ್ದು ಬಂದೇ ಬಿಟ್ಟಿತು. ದೂರದ್ದು ಮೊದಲು. ಹತ್ತಿರದ ಕುಚ್ಚಿನ ಬಣ್ಣ ಉಳಿದಿದೆ, ದೂರದ ಕಡಲಿನ ಬಣ್ಣ ಹೋಗಿದೆ. ಅಷ್ಟು ದೂರ ಬಂದು, ಕಡಲ ಮುಂದೆ ನಿಂತ ದಿನವೇ ಅದು ಹೋಗಬೇಕೇ? ದೇವರ ಮೇಲೆ ಎಂಥ ಸಿಟ್ಟು ಬಂತೆಂದರೆ ಬಾಯಿಬಿಟ್ಟರೆ ಬೈಗುಳವೇ ಬರುತ್ತಿತ್ತು. ಆದರೆ ಈ ಮನುಷ್ಯ ಮಗ್ಗ ಬಿಟ್ಟು, ಅವ್ವನ ಮಾತು ಮೀರಿ ನನ್ನನ್ನು ಕರೆದುಕೊಂಡು ಬಂದಿದ್ದರು. ಕಾಣಲಿಲ್ಲ ಎಂದು ಹೇಗೆ ಹೇಳಲಿ?

“ಊಂ ಕಣ್ರಿ, ಅದೇ ಬಣ್ಣ” ಎಂದೆ. “ಎಷ್ಟ್ ಸೆಂದಾಗದೆ.”

ಅವರ ಕೈ ನನ್ನ ರಟ್ಟೆಯ ಮೇಲೆ ಇನ್ನೂ ಬಿಗಿಯಾಯಿತು.

ಆಮೇಲೆ ಬಹಳ ಹೊತ್ತು ಬಂಡೆಯ ಮೇಲೆ ಕೂತಿದ್ದೆವು. ನಾನು ಕಣ್ಣು ಮುಚ್ಚಿಕೊಂಡೆ. ಇಲ್ಲದ ಬಣ್ಣವನ್ನು ಎಷ್ಟು ನೋಡಿದರೇನು? ಸದ್ದನ್ನಾದರೂ ಕೇಳಿಸಿಕೊಳ್ಳೋಣ, ಮುಂದೆ ಅದೇ ತಾನೆ ನನ್ನ ಪಾಲಿಗಿರುವುದು ಅಂದುಕೊಂಡೆ. ಅಳು ಬಂತು, ಮುಖದ ಮೇಲೆ ಹೇಗೂ ಉಪ್ಪುನೀರು ಇದ್ದದ್ದರಿಂದ ಒರೆಸಿಕೊಳ್ಳಬೇಕಾಗಲಿಲ್ಲ. ನಡುವೆ ಒಮ್ಮೆ ಮುಖ ಬೆಚ್ಚಗಾದ ಹಾಗಾಯಿತು. ಅವರು ಎದ್ದು ನಿಂತದ್ದು ಗೊತ್ತಾಯಿತು. ಏನೂ ಹೇಳದೆ ಮತ್ತೆ ಕೂತರು. ಆಮೇಲೆ ಪುನಃ ಹನಿ ಬಿತ್ತು, ಛತ್ರಕ್ಕೆ ಹಿಂದಿರುಗಿದೆವು.

ವಾಪಸು ಬರುವಾಗ ಅವರು ಬೇರೆಯೇ ಮನುಷ್ಯ. ಬೆರಳು ಮಾಡಿ ಅದು ನೋಡು, ಇದು ನೋಡು ಎನ್ನಲಿಲ್ಲ. ರೈಲಿನಲ್ಲಿ ಇಡ್ಲಿ ಮುರಿದು ಅಂಗೈಗೆ ಇಟ್ಟರು. ಲೋಟಕ್ಕೆ ನನ್ನ ಬೆರಳನ್ನು ಸುತ್ತಿಸಿ ಕೊಟ್ಟರು. ರಾಮಾಪುರದಲ್ಲಿ ಬಸ್ಸು ನಿಂತಾಗ, ಮೆಟ್ಟಿಲು ಇದೆ, ಹುಷಾರು ಎಂದು ಪೂರ್ತಿ ಕುರುಡಿಗೆ ಹೇಳುವ ಹಾಗೆ ಹೇಳಿದರು. ನನಗೆ ರೇಗಿತು. ಮೆಟ್ಟಿಲು ಕಾಣುತ್ತದೆ ಎಂದು ಸಿಡುಕಿದೆ. ಹೂಂ ಹೂಂ, ಕಾಣುತ್ತದೆ ಎಂದು ಮಗುವಿಗೆ ಹೇಳುವ ಹಾಗೆ ಅಂದು, ಕೈ ಮಾತ್ರ ಬಿಡಲಿಲ್ಲ.

ಮನೆಗೆ ಬಂದವಳೇ ಅಡುಗೆಮನೆಗೆ ಹೋದೆ. ಕುಂಕುಮದ ಬಟ್ಟಲಿನ ಕಡೆ ತಿರುಗಿ ನೋಡುವ ಧೈರ್ಯ ಇರಲಿಲ್ಲ. ಹೊರಗೆ ಅತ್ತೆ ಮಗನನ್ನು ಕೇಳುತ್ತಿದ್ದರು, ನೋಡಿದ್ರಾ ನಿಮ್ ಉಪ್ಪುನೀರ, ಎಂಗಿತ್ತು ಎಂದು. ಅವರು ದನಿ ತಗ್ಗಿಸಿ ಹೇಳಿದ್ದು ನನಗೆ ಕೇಳಿಸಿತು. ಕಣ್ಣು ಹೋಗುವವರ ಕಿವಿ ಚುರುಕು ಎನ್ನುವುದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

“ಏನ್ ನೋಡಾದು ಅವ್ವ, ಬರೀ ಮೋಡ. ಸಮುದ್ರ ಅನ್ನೋದು ಬೂದಿ ಕಲ್ಸಿದ ನೀರಂಗಿತ್ತು. ಒಸಿ ಸಮಾಧಾನ ಆಗ್ಲಿ ಅಂತ ಅದೇ ಬಣ್ಣ ಕಣೇ ಅಂದೆ. ಊಂ, ಅದೇ ಬಣ್ಣ ಅಂದ್ಬುಟ್ಲು. ಇವಳ್ಗೆ ಏನೂ ಕಾಣ್ತಿಲ್ಲ ಅವ್ವ. ಪೂರ್ತಿ ಓಗ್ಬುಟ್ಟದೆ.” ಅಷ್ಟು ಹೇಳಿ ಆ ಮನುಷ್ಯ ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಕೈಯಲ್ಲಿದ್ದ ಸೌಟು ಹಿಡಿದೇ ಹೊರಗೆ ಬಂದೆ. ನನಗೂ ಬೂದಿಯೇ ಕಂಡದ್ದು, ನನ್ನ ಕಣ್ಣೇ ಹೋಯಿತು ಅಂದುಕೊಂಡೆ ಎಂದೆ. ಅವರು ತಲೆಯೆತ್ತಿ ನೋಡಿದರು. ಅತ್ತೆ ಇಬ್ಬರನ್ನೂ ನೋಡಿ, ನಿಮ್ಮಿಬ್ಬರಿಗೂ ಬುದ್ಧಿ ಇಲ್ಲ ಎಂದು ಬೈದರು. ನಾವು ನಕ್ಕೆವು. ನಗುತ್ತಾ ಹೋಗಿ ಬಟ್ಟಲು ನೋಡಿದೆ, ಕುಂಕುಮ ಕೆಂಪಾಗಿತ್ತು.

ಆದರೆ ಅವರ ನಗು ನಡುವೆಯೇ ನಿಂತಿತು. ಕೆಳಗೆ ನೋಡುತ್ತಾ ಹೇಳಿದರು, “ಮದ್ಯಾನ ಒಂದ್ ಗಳಿಗೆ ಮೋಡ ಸರೀತು ಕಣೇ. ಆವಾಗ ಆಯ್ತು ಆ ಬಣ್ಣ. ನಿನ್ ನೂಲಿನ್ ಬಣ್ಣನೇ. ಎದ್ ನಿಂತ್ಕಂಡು ನಿನ್ ಮುಖ ನೋಡ್ದೆ, ನೀನು ಕಣ್ ಮುಚ್ಕಂಡಿದ್ದೆ. ಕಾಣ್ದೋಳ್ಗೆ ಏನಂತ ಯೋಳಾದು ಅಂತ ಸುಮ್ಕಾದೆ.”

ಅತ್ತೆ ನನ್ನ ಕೈಯಿಂದ ಸೌಟು ತೆಗೆದುಕೊಂಡು ತಾವೇ ಒಲೆಯ ಮುಂದೆ ಹೋಗಿ ಕೂತರು.

ಇನ್ನೊಂದು ಸಲ ಹೋಗೋಣ, ಆಷಾಢ ಬೇಡ, ಬಿಸಿಲಿರುವ ತಿಂಗಳಲ್ಲಿ ಎಂದು ಅವರು ಹೇಳುತ್ತಲೇ ಇದ್ದರು. ಬಿಸಿಲಿರುವ ತಿಂಗಳೆಲ್ಲ ಮದುವೆಯ ತಿಂಗಳು, ಮಗ್ಗದ ಮೇಲೆ ಯಾರದೋ ಧಾರೆ ಸೀರೆ ಇದ್ದೇ ಇರುತ್ತಿತ್ತು. ಹೀಗೇ ದಿನ ತಳ್ಳುತ್ತಿರುವಾಗ ಒಂದು ಬೆಳಿಗ್ಗೆ ಕುಂಕುಮದ ಬಟ್ಟಲಿನಲ್ಲಿ ಬೂದಿ ಇತ್ತು. ಯಾರಾದರೂ ಬದಲಾಯಿಸಿದ್ದಾರೋ ಎಂದು ಬೆರಳಿನಲ್ಲಿ ಮುಟ್ಟಿ, ಮೂಸಿ ನೋಡಿದೆ. ಕುಂಕುಮವೇ.

ಮೋಡ ಸರಿದ ಆ ಗಳಿಗೆ ನನಗೂ ಗೊತ್ತಾಗಿತ್ತು. ರೆಪ್ಪೆಯ ಮೇಲೆ ಬಿಸಿಲು ಬಿದ್ದು ಒಳಗೆಲ್ಲ ಕೆಂಪಾಗಿತ್ತು. ಇನ್ನು ನೋಡಿ ಏನಾಗಬೇಕು ಎಂದು ನಾನು ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಿದ್ದೆ.